ತೆರೆಯ ಮೇಲೆ ಕಲಬುರಗಿ, ಒಳಗೆ ಗುಲಬರ್ಗಾ: ಒಂದು ಆರ್ಗ್ ಫೈಲಿನ ರಿಪೇರಿ

"ತಮ್ಮಾ, ನನ್ನ ಫೋಟೋ ತೆರಕೊಳ್ಳವಲ್ಲವು. ಅರ್ಧ ತೆರೀತಾವ, ಅರ್ಧ ಇಲ್ಲ. ಸಂಜೀಕ ಬಂದು ನೋಡ್ತಿಯೇನು?"

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹೈಸ್ಕೂಲ್ ಸರ್ ಮೇ ತಿಂಗಳಲ್ಲಿ ಹೀಗೆ ಫೋನ್ ಮಾಡಿದರು. ಇತಿಹಾಸ ಕಲಿಸಿದವರು. ನಿವೃತ್ತರಾದ ಮೇಲೆ ಜಿಲ್ಲೆಯ ಕೋಟೆ, ಗುಡಿ, ಗುಮ್ಮಟ, ಶಾಸನಗಳನ್ನು ಸುತ್ತಿ ಫೋಟೋ ತೆಗೆದು ಟಿಪ್ಪಣಿ ಬರೆಯುವುದೇ ಅವರ ಕೆಲಸ. ನಾನು ಕಂಪ್ಯೂಟರ್ ಕಲಿಸುವವನು. ಅವರ ಮನೆಯ ಲ್ಯಾಪ್‌ಟಾಪ್ ಕೆಟ್ಟಾಗ ಕರೆ ಬರುವುದು ನನಗೇ.

ಈ ಕೆಲಸಕ್ಕೆ ಮೂರು ಸಂಜೆ ಹಿಡಿಯಿತು. ಸಾದಾ ಪಠ್ಯದ ಫೈಲಿನಲ್ಲಿ ಲಿಂಕ್ ಅಡಗಿಸಿ ತೋರಿಸುವ ಎಡಿಟರ್ ಬಳಸುವವರು ಯಾರೇ ಇದ್ದರೂ ಇದೇ ತೊಂದರೆಗೆ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಏನಾಯಿತು, ಹೇಗೆ ಪತ್ತೆ ಮಾಡಿದೆವು, ಹೇಗೆ ಸರಿ ಮಾಡಿದೆವು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇನೆ.

ಫೈಲ್ ಹೇಗಿತ್ತು

ಸರ್ ಟಿಪ್ಪಣಿಯೆಲ್ಲ ಒಂದೇ ಫೈಲಿನಲ್ಲಿದೆ. ಲ್ಯಾಪ್‌ಟಾಪ್ ಹಳೆಯದು, ದೊಡ್ಡ ವರ್ಡ್ ಫೈಲ್ ತೆರೆದರೆ ಏದುಸಿರು ಬಿಡುತ್ತಿತ್ತು. ಹೀಗಾಗಿ ಅವರ ಅಳಿಯ ವಿಂಡೋಸ್ ಬದಲು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಟಿಪ್ಪಣಿ ಬರೆಯಲು ಇರುವ ಆರ್ಗ್ ಮೋಡ್ ಕಲಿಸಿ ಹೋಗಿದ್ದರು. ಆರ್ಗ್ ಮೋಡನ್ನು 2003ರಲ್ಲಿ ಶುರು ಮಾಡಿದ್ದು ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ, ತಮ್ಮದೇ ಟಿಪ್ಪಣಿಗಳನ್ನು ಒಪ್ಪ ಮಾಡಿಟ್ಟುಕೊಳ್ಳಲು. ಫೈಲ್ ಪೂರ್ತಿ ಸಾದಾ ಪಠ್ಯ. ನಕ್ಷತ್ರ ಚಿಹ್ನೆ ಹಾಕಿದರೆ ತಲೆಬರಹ, ಎರಡು ನಕ್ಷತ್ರ ಹಾಕಿದರೆ ಉಪತಲೆಬರಹ. ಸರ್‌ಗೆ ಇದು ಬಹಳ ಹಿಡಿಸಿತ್ತು.

ಆರ್ಗ್‌ನಲ್ಲಿ ಲಿಂಕ್ ಬರೆಯುವುದು ಹೀಗೆ:

[[ಫೈಲ್:ಫೋಟೋ/ಗುಲಬರ್ಗಾ-ಕೋಟೆ/014][ಜಾಮಿಯಾ ಮಸೀದಿ, ಒಳಗಿನ ಕಮಾನು]]

ಮೊದಲ ಚೌಕ ಕಂಸದೊಳಗೆ ವಿಳಾಸ. ಎರಡನೆಯದರಲ್ಲಿ ಓದುವವರಿಗೆ ಕಾಣಬೇಕಾದ ಹೆಸರು. ("ಫೈಲ್" ಎಂಬುದನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ನಾನಿಲ್ಲಿ ಓದಲಿಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ.) ಕೊನೆಯ ಕಂಸ ಹಾಕಿದ ಕೂಡಲೇ ಈಮ್ಯಾಕ್ಸ್ ವಿಳಾಸವನ್ನೂ ಕಂಸಗಳನ್ನೂ ಮರೆಮಾಡುತ್ತದೆ. ತೆರೆಯ ಮೇಲೆ ಉಳಿಯುವುದು "ಜಾಮಿಯಾ ಮಸೀದಿ, ಒಳಗಿನ ಕಮಾನು" ಅಷ್ಟೇ, ಕೆಳಗೊಂದು ಗೆರೆ. ಫೈಲಿನಲ್ಲಿ ಮಾತ್ರ ಎಲ್ಲವೂ ಇದ್ದಲ್ಲೇ ಇರುತ್ತದೆ.

ಸರ್ ಈ ಕೆಲಸ ಶುರು ಮಾಡಿದ್ದು 2012ರಲ್ಲಿ. ಆಗ ಊರಿಗೆ ಸರ್ಕಾರಿ ಕಾಗದದಲ್ಲಿ ಗುಲಬರ್ಗಾ ಎಂದೇ ಹೆಸರು. ಕಲಬುರಗಿ ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹೀಗಾಗಿ ಮೊದಲ ಎರಡು ವರ್ಷದ ಫೋಲ್ಡರ್‌ಗಳಿಗೆಲ್ಲ ಹಳೆಯ ಹೆಸರು: ಗುಲಬರ್ಗಾ-ಕೋಟೆ, ಗುಲಬರ್ಗಾ-ದರ್ಗಾ, ಹೀಗೆ ಐದು. ಇನ್ನೆರಡು ಫೋಲ್ಡರಿಗೆ ಯಾವಾಗಲೋ "ಗುಲ್ಬರ್ಗಾ" ಎಂದು ಲಕಾರಕ್ಕೆ ಬಕಾರ ಒತ್ತು ಕೊಟ್ಟು ಹೆಸರಿಟ್ಟಿದ್ದರು. ಆಮೇಲಿನ ಎರಡು ಫೋಲ್ಡರಿಗೆ ಕಲಬುರಗಿ ಎಂದೇ ಹೆಸರು. ಅದರಲ್ಲೊಂದು ವಿಮಾನ ನಿಲ್ದಾಣದ್ದು, 2019ರ ನವೆಂಬರಿನಲ್ಲಿ ಅದು ಶುರುವಾದಾಗ ತೆಗೆದ ಫೋಟೋಗಳು. ಈ ಮೂರು ಬಗೆಯ ಹೆಸರು ಮುಂದೆ ಮುಖ್ಯವಾಗುತ್ತದೆ.

ಮೊದಲ ಸಂಜೆ: ತಪ್ಪು ದಾರಿ

ಹೋದಾಗ ಕರೆಂಟ್ ಇರಲಿಲ್ಲ. ಆ ಸೆಕೆಯಲ್ಲೂ ಸರ್ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದರು. ಟಿಪ್ಪಣಿಗಳನ್ನು ಸಣ್ಣ ಪುಸ್ತಕ ಮಾಡಬೇಕೆಂದು ತಯಾರಿ ನಡೆದಿತ್ತು. ಫೋಟೋ ಆರಿಸಲು ಒಂದೊಂದೇ ಲಿಂಕ್ ತೆರೆಯುವಾಗ ತೊಂದರೆ ಗೊತ್ತಾಗಿತ್ತು.

ಕಂಟ್ರೋಲ್-ಸಿ ಕಂಟ್ರೋಲ್-ಓ ಒತ್ತಿದರೆ ಲಿಂಕ್ ತೆರೆಯಬೇಕು. ಒಂದು ತೆರೆಯಿತು. ಅದರ ಕೆಳಗಿನದು ತೆರೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ "ಅಂಥ ಫೈಲ್ ಇಲ್ಲ" ಎಂಬರ್ಥದ ಸಂದೇಶ, ಪಕ್ಕದಲ್ಲಿ ವಿಳಾಸ. ಇಲ್ಲೇ ನಾನು ಎಡವಿದ್ದು. ವಿಳಾಸ ಓದಿದೆ, ಅದರಲ್ಲಿ "ಕಲಬುರಗಿ-ಕೋಟೆ" ಎಂದಿತ್ತು. ನನ್ನ ಕಣ್ಣಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಊರಿನ ಹೆಸರು ಅದೇ ತಾನೇ? ಹಾಗಾಗಿ ಸಂಶಯವೆಲ್ಲ ಫೋಟೋಗಳ ಮೇಲೆ ಹೋಯಿತು. ಡಿಸ್ಕ್ ಕೆಟ್ಟಿದೆಯೋ, ಯಾರಾದರೂ ಫೋಲ್ಡರ್ ಸರಿಸಿದ್ದಾರೋ ಎಂದು ಒಂದು ಗಂಟೆ ಅದರಲ್ಲೇ ಕಳೆದೆ. ಡಿಸ್ಕ್ ಚೆನ್ನಾಗಿತ್ತು. ಫೋಟೋಗಳನ್ನು ಫೋಲ್ಡರಿಗೇ ಹೋಗಿ ತೆರೆದರೆ ಸರಾಗ ತೆರೆಯುತ್ತಿದ್ದವು.

ಇನ್ನೂ ಗೊಂದಲ ಮಾಡಿದ್ದು ತೆರೆಯುತ್ತಿದ್ದ ಲಿಂಕ್‌ಗಳು. ಒಂದೇ ಅಧ್ಯಾಯ, ಒಂದೇ ಊರು, ಒಂದೇ ದಿನದ ಫೋಟೋ. ಒಂದು ತೆರೆಯುತ್ತದೆ, ಇನ್ನೊಂದು ಇಲ್ಲ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಆಮೇಲೆ ಸರ್‌ಗೆ ಕೇಳಿದೆ, "ಸರ್, ಇತ್ತೀಚೆಗೆ ಫೈಲಿನ್ಯಾಗ ದೊಡ್ಡ ಬದಲಾವಣೆ ಏನರ ಮಾಡೀರೇನ್ರಿ?"

"ಏನಿಲ್ಲಪಾ. ಗುಲಬರ್ಗಾ ಅಂತ ಇದ್ದದ್ದು ಎಲ್ಲ ಕಲಬುರಗಿ ಮಾಡಿಸ್ದೆ, ಅಷ್ಟ. ಪುಸ್ತಕದಾಗ ಹಳೀ ಹೆಸರು ಬ್ಯಾಡ ಅಂತ. ಮೊಮ್ಮಗ ಒಂದ ಮಿನಿಟಿನ್ಯಾಗ ಮಾಡಿಕೊಟ್ಟ."

ಮೊಮ್ಮಗನಿಗೆ ಈಮ್ಯಾಕ್ಸ್ ಗೊತ್ತಿಲ್ಲ. ಅವನು ಫೈಲನ್ನು ಉಬುಂಟುವಿನಲ್ಲಿದ್ದ ಇನ್ನೊಂದು ಸಾದಾ ಎಡಿಟರ್‌ನಲ್ಲಿ ತೆರೆದು, ಹುಡುಕಿ ಬದಲಿಸುವ ಕಿಟಕಿಯಲ್ಲಿ ಎರಡೂ ಹೆಸರು ಬರೆದು, "ಎಲ್ಲ ಬದಲಿಸು" ಒತ್ತಿದ್ದ. ಆ ಎಡಿಟರ್‌ಗೆ ಆರ್ಗ್ ಲಿಂಕ್ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಹೆಸರೂ ಅಕ್ಷರ, ವಿಳಾಸವೂ ಅಕ್ಷರ. ಹುಡುಗನದ್ದೇನೂ ತಪ್ಪಿಲ್ಲ, ಹೇಳಿದ ಕೆಲಸ ಮಾಡಿದ್ದಾನೆ. ಸರ್ ಮತ್ತೆ ಈಮ್ಯಾಕ್ಸ್‌ನಲ್ಲಿ ತೆರೆದು ಮೊದಲಿನಿಂದ ಕೊನೆಯ ತನಕ ಓದಿದ್ದರು. ಒಂದು ಕಡೆ "ಕಲಬುರಗಿ ಎಂಬ ಹೆಸರು 2014ರಲ್ಲಿ ಕಲಬುರಗಿ ಎಂದು ಬದಲಾಯಿತು" ಎಂದಾಗಿತ್ತು. ಅದನ್ನು ಸರಿ ಮಾಡಿದ್ದರು. ಉಳಿದದ್ದೆಲ್ಲ ಚಂದ ಕಂಡಿತ್ತು. ಅವರು ಓದಿದ್ದು ಕಾಣುವ ಪಠ್ಯವನ್ನು ಮಾತ್ರ. ಬದಲಾದ ವಿಳಾಸಗಳು ಕಾಣುವಂತೆಯೇ ಇರಲಿಲ್ಲ.

ಮರೆ ಸರಿಸಿದಾಗ

ಆಲ್ಟ್-ಎಕ್ಸ್ ಒತ್ತಿ "ಆರ್ಗ್ ಟಾಗಲ್ ಲಿಂಕ್ ಡಿಸ್‌ಪ್ಲೇ" ಎಂಬ ಆಜ್ಞೆ ಕೊಟ್ಟೆ. ಅದು ಅಡಗಿದ ಲಿಂಕ್‌ಗಳನ್ನು ಇದ್ದಂತೆಯೇ ತೋರಿಸುತ್ತದೆ, ಇನ್ನೊಮ್ಮೆ ಕೊಟ್ಟರೆ ಮತ್ತೆ ಮರೆಮಾಡುತ್ತದೆ. ಮೆನುವಿನಲ್ಲೂ ಇದೆ: ಆರ್ಗ್, ಅದರೊಳಗೆ ಹೈಪರ್‌ಲಿಂಕ್ಸ್, ಅದರೊಳಗೆ ಲಿಟರಲ್ ಲಿಂಕ್ಸ್. ಫೈಲಿನಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ, ನೋಟ ಮಾತ್ರ ಬದಲಾಗುತ್ತದೆ.

ಪುಟ ಒಮ್ಮೆಲೇ ಉಬ್ಬಿತು. ಒಂದು ಸಾಲು ನಾಲ್ಕು ಸಾಲಾಯಿತು. ಸರ್ ಕುರ್ಚಿ ಹತ್ತಿರ ಎಳೆದುಕೊಂಡರು. ಜೊತೆಯಲ್ಲಿದ್ದ ಎರಡು ಲಿಂಕ್ ತೋರಿಸಿದೆ. ತೆರೆಯುತ್ತಿದ್ದುದರ ಒಳಗೆ "ಗುಲ್ಬರ್ಗಾ-ಕೋಟೆ-ಹೊರಗೆ". ತೆರೆಯದಿದ್ದುದರ ಒಳಗೆ "ಕಲಬುರಗಿ-ಕೋಟೆ". ಒತ್ತಕ್ಷರದ ಗುಲ್ಬರ್ಗಾ, ಮೊಮ್ಮಗ ಹುಡುಕಿದ ಗುಲಬರ್ಗಾಕ್ಕೆ ಹೊಂದದೆ ಉಳಿದುಕೊಂಡಿತ್ತು. ಅರ್ಧ ತೆರೆಯುತ್ತವೆ, ಅರ್ಧ ಇಲ್ಲ ಎಂಬುದರ ಗುಟ್ಟು ಇಷ್ಟೇ.

ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸನ್ನತಿಯೊಳಗ ಆದಂಗ ಆತಲ್ಲೋ" ಅಂದರು. ಅದನ್ನು ಅವರು ತರಗತಿಯಲ್ಲಿ ನಮಗೆ ಹೇಳಿದ್ದರು. 1986ರಲ್ಲಿ ನಮ್ಮ ಜಿಲ್ಲೆಯ ಸನ್ನತಿ ಎಂಬ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾ ದೇವಿಯ ಗುಡಿಯ ಛಾವಣಿ ಕುಸಿಯಿತು. ಆಮೇಲೆ ನೋಡಿದರೆ, ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಶಾಸನ ಇತ್ತು. ಜನ ಅಲ್ಲಿಯ ತನಕ ಅದರ ಮುಂದೆಯೇ ಕೈ ಮುಗಿದು ಹೋಗುತ್ತಿದ್ದರು. ಬರಹ ಇದ್ದೇ ಇತ್ತು, ಕಾಣುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಅಡಗಿದ ಪಠ್ಯದ ವಿಷಯ ಹೇಳುವಾಗ ಈಗ ನಾನೂ ಇದೇ ಉದಾಹರಣೆ ಕೊಡುತ್ತೇನೆ.

ಹುಡುಕುವ ವಿಷಯದಲ್ಲಿ ಒಂದು ಮಾತು. ಮೊದಲೇ ಕಂಟ್ರೋಲ್-ಎಸ್ ಒತ್ತಿ "ಕಲಬುರಗಿ-ಕೋಟೆ" ಎಂದು ಹುಡುಕಿ ನೋಡಿದ್ದೆ. ಸರ್ ಯಂತ್ರದಲ್ಲಿ ಏನೂ ಸಿಗಲಿಲ್ಲ. ಅಡಗಿದ ಪಠ್ಯದೊಳಗೂ ಹುಡುಕಬೇಕೋ ಬೇಡವೋ ಎಂಬುದು ಈಮ್ಯಾಕ್ಸ್‌ನಲ್ಲಿ ಒಂದು ಸೆಟ್ಟಿಂಗ್. ಹುಡುಕುತ್ತಿರುವಾಗಲೇ ಆಲ್ಟ್-ಎಸ್, ಆಮೇಲೆ ಐ ಒತ್ತಿ ಅದನ್ನು ಬದಲಿಸಬಹುದು. ಇದು ಗೊತ್ತಿಲ್ಲದೆ "ಹುಡುಕಿದೆ, ಸಿಗಲಿಲ್ಲ, ಅಂದರೆ ಇಲ್ಲ" ಎಂದುಕೊಂಡರೆ ಮೋಸ ಹೋಗುತ್ತೇವೆ. ನಾನು ಹೋದೆ.

ಎಷ್ಟು ಮುರಿದಿದೆ

ಎಣಿಸದೆ ಸರಿ ಮಾಡಲು ಕೂರಬಾರದು ಎಂದು ಮೊದಲು ಪಟ್ಟಿ ತೆಗೆದೆ. ಆರ್ಗ್‌ನಲ್ಲಿ "ಆರ್ಗ್ ಲಿಂಟ್" ಎಂಬ ಆಜ್ಞೆ ಇದೆ. ಫೈಲ್ ಪೂರ್ತಿ ನೋಡಿ, ಅನುಮಾನದ ಜಾಗಗಳನ್ನು ಸಾಲಿನ ಸಂಖ್ಯೆಯೊಂದಿಗೆ ಪಟ್ಟಿ ಮಾಡುತ್ತದೆ. ಯಂತ್ರದಲ್ಲಿ ಇಲ್ಲದ ಫೈಲಿಗೆ ಕೊಟ್ಟ ಲಿಂಕನ್ನೂ ಹಿಡಿಯುತ್ತದೆ. ಪಟ್ಟಿಯ ಸಾಲಿನ ಮೇಲೆ ಎಂಟರ್ ಒತ್ತಿದರೆ ಸೀದಾ ಆ ಜಾಗಕ್ಕೆ ಹೋಗಬಹುದು.

ಫೈಲಿನಲ್ಲಿ ಒಟ್ಟು 418 ಲಿಂಕ್ ಇದ್ದವು. 322 ಫೋಟೋ ಮತ್ತು ಸ್ಕ್ಯಾನ್‌ಗಳಿಗೆ, 96 ವೆಬ್ ಪುಟಗಳಿಗೆ. ಲಿಂಟ್ ತೋರಿಸಿದ ಮುರಿದ ಲಿಂಕ್ 143.

ವೆಬ್ ಲಿಂಕ್‌ಗಳನ್ನು ಲಿಂಟ್ ಹೀಗೆ ಪರೀಕ್ಷಿಸುವುದಿಲ್ಲ, ಅದಕ್ಕೆ ಕಣ್ಣಿಂದಲೇ ನೋಡಿದೆ. ಆಶ್ಚರ್ಯ, ಅಲ್ಲಿ ಒಂದೂ ಕೆಟ್ಟಿರಲಿಲ್ಲ. ಕಾರಣ ಬ್ರೌಸರ್. ಕನ್ನಡ ಅಕ್ಷರವಿರುವ ವಿಳಾಸವನ್ನು ಬ್ರೌಸರಿನಿಂದ ನಕಲು ಮಾಡಿದರೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಪ್ರತಿ ಅಕ್ಷರ ಚಿಹ್ನೆಯೂ ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ. ಲೆಕ್ಕ ಹಾಕಿ: ಗುಲಬರ್ಗಾ ಎಂಬಲ್ಲಿ ಗ, ಉಕಾರ, ಲ, ಬ, ರ, ಹಲಂತ, ಗ, ಆಕಾರ, ಒಟ್ಟು ಎಂಟು. ಎಂಟಕ್ಕೆ ಒಂಬತ್ತರಂತೆ 72 ಅಕ್ಷರ. ಊರಿನ ಹೆಸರೊಂದೇ ಇಷ್ಟುದ್ದ! ಓದಲು ಬಾರದ ಆ ಶೇಕಡಾ ಸಾಲಿನಲ್ಲಿ "ಗುಲಬರ್ಗಾ" ಎಂದು ಎಲ್ಲೂ ಇಲ್ಲದ್ದರಿಂದ ಬದಲಾವಣೆ ಅದನ್ನು ಮುಟ್ಟಲಿಲ್ಲ.

ಅಡಗಿಸುವ ಸೌಲಭ್ಯ ಯಾಕೆ ಬೇಕು ಎಂಬುದಕ್ಕೂ ಇದೇ ಉತ್ತರ. "ಇನ್ಮ್ಯಾಲೆ ಎಲ್ಲ ತೆರೆದೇ ಇಡೋಣೇನು?" ಎಂದು ಸರ್ ಕೇಳಿದರು. ಬೇಡ ಎಂದೆ. 72 ಅಕ್ಷರದ ಶೇಕಡಾ ಸರಪಳಿಗಳ ನಡುವೆ ಬಹಮನಿಗಳ ಬಗ್ಗೆ ಯಾರೂ ಓದಲಾರರು. ಮರೆ ಇರಲಿ, ಆದರೆ ಮರೆಯ ಹಿಂದೆ ಏನಿದೆ ಎಂದು ಬೇಕೆಂದಾಗ ಒಂದೇ ಒತ್ತಿಗೆ ನೋಡುವಂತಿರಬೇಕು. ಎಫ್6 ಕೀಗೆ ಆ ಆಜ್ಞೆ ಕಟ್ಟಿಕೊಟ್ಟೆ.

ಎರಡನೇ ಸಂಜೆ: ಸರಿ ಮಾಡಿದ್ದು

ಮೂರು ದಾರಿ ಇದ್ದವು. ಹಳೆಯ ಪ್ರತಿಯನ್ನೇ ವಾಪಸ್ ಹಾಕುವುದು ಮೊದಲನೆಯದು. ಈಮ್ಯಾಕ್ಸ್ ಒಂದೊಂದು ಸಲ ಫೈಲ್ ತೆರೆದು ಮೊದಲ ಬಾರಿ ಉಳಿಸುವಾಗ ಹಿಂದಿನ ಪ್ರತಿಯನ್ನು ಹೆಸರಿನ ಕೊನೆಗೆ ಅಲೆ ಚಿಹ್ನೆ ಹಾಕಿ ಇಟ್ಟುಕೊಳ್ಳುತ್ತದೆ. ಆದರೆ ಸರ್ ಅದಾದ ಮೇಲೆ ಎಷ್ಟೋ ಸಲ ತೆರೆದು ಉಳಿಸಿದ್ದರು, ಆ ಪ್ರತಿಯೂ ಬದಲಾದ ಫೈಲಿನದ್ದೇ ಆಗಿತ್ತು. ಪೆನ್‌ಡ್ರೈವ್‌ನಲ್ಲಿ ಮೂರು ವಾರ ಹಿಂದಿನ ಪ್ರತಿ ಸಿಕ್ಕಿತು. ಆಮೇಲಿನ ಮೂರು ವಾರ ಸರ್ ದಿನಾ ಕೂತು ತಿದ್ದಿದ್ದರು. ಅಷ್ಟು ಕೆಲಸ ಚೆಲ್ಲಲು ಮನಸ್ಸು ಬರಲಿಲ್ಲ. ಹೋಲಿಸಿ ನೋಡಲಿಕ್ಕೆ ಮಾತ್ರ ಅದನ್ನು ಇಟ್ಟುಕೊಂಡೆವು.

ಫೋಲ್ಡರ್‌ಗಳ ಹೆಸರನ್ನೇ ಕಲಬುರಗಿ ಮಾಡಿಬಿಡುವುದು ಎರಡನೆಯದು. ಸುಲಭ, ಐದು ಫೋಲ್ಡರ್ ಅಷ್ಟೇ. ಇದಕ್ಕೆ ನಾನೇ ಒಪ್ಪಲಿಲ್ಲ. ಸರ್ ಬಳಿ ಒಂದು ದಪ್ಪ ನೋಟ್‌ಬುಕ್ ಇದೆ. ಯಾವ ಫೋಲ್ಡರಿನ ಯಾವ ಸಂಖ್ಯೆಯ ಫೋಟೋ ಯಾವ ದಿನ ಎಲ್ಲಿ ತೆಗೆದದ್ದು ಎಂದು ಕೈಬರಹದಲ್ಲಿದೆ. ಅಲ್ಲೆಲ್ಲ ಹಳೆಯ ಫೋಲ್ಡರ್ ಹೆಸರೇ ಇದೆ. ಪೆನ್‌ಡ್ರೈವ್ ಪ್ರತಿಗಳಲ್ಲೂ ಅದೇ. ಊರಿನ ಹೆಸರು ಬದಲಾಗಬಹುದು, ಫೋಲ್ಡರಿನ ಹೆಸರು ಮನೆ ನಂಬರ್ ಇದ್ದಂತೆ. ಕಾಗದಪತ್ರವೆಲ್ಲ ಅದರ ಮೇಲೆ ನಿಂತಿರುವಾಗ ಅದನ್ನು ಸುಮ್ನೆ ಮುಟ್ಟಬಾರದು.

ಉಳಿದದ್ದು ಮೂರನೆಯದು, ಅಡಗಿದ ಭಾಗದಲ್ಲಿ ಮಾತ್ರ ಹಳೆಯ ಹೆಸರು ವಾಪಸ್ ಹಾಕುವುದು. ಇಲ್ಲೂ "ಎಲ್ಲ ಕಲಬುರಗಿಯನ್ನು ಗುಲಬರ್ಗಾ ಮಾಡು" ಎಂದರೆ ಕೆಡುತ್ತಿತ್ತು. ವಿಮಾನ ನಿಲ್ದಾಣದ ಫೋಲ್ಡರ್ ನಿಜವಾಗಿಯೂ ಕಲಬುರಗಿ ಎಂದೇ ಇದೆಯಲ್ಲ! ಅದಕ್ಕೆ ಒಂದೊಂದೇ ಫೋಲ್ಡರ್ ಹಿಡಿದೆವು. ಮೊದಲು ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಎಫ್6 ಒತ್ತಿ ಎಲ್ಲ ಲಿಂಕ್ ತೆರೆದೆ. ಆಮೇಲೆ "ಫೋಟೋ/ಕಲಬುರಗಿ-ಕೋಟೆ/" ಎಂಬುದನ್ನು "ಫೋಟೋ/ಗುಲಬರ್ಗಾ-ಕೋಟೆ/" ಎಂದು, ಎರಡೂ ಕಡೆ ಓರೆಗೆರೆ ಸೇರಿಸಿ, ಒಂದೊಂದಕ್ಕೂ ಕೇಳಿ ಬದಲಿಸುವ ಆಜ್ಞೆ ಕೊಟ್ಟೆ. ಓರೆಗೆರೆ ಸೇರಿಸಿದ್ದರಿಂದ ಅದು ಕಾಣುವ ವಾಕ್ಯದಲ್ಲಿ ಎಲ್ಲೂ ಹೊಂದುವುದಿಲ್ಲ, ವಿಳಾಸದಲ್ಲಿ ಮಾತ್ರ ಹೊಂದುತ್ತದೆ. ಸರ್ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು "ಹ್ಞೂಂ, ಹ್ಞೂಂ" ಎನ್ನುತ್ತಾ ಹೋದರು, ನಾನು ವೈ ಒತ್ತುತ್ತಾ ಹೋದೆ. ಐದು ಫೋಲ್ಡರಿಗೆ ಐದು ಸಲ. 121 ಲಿಂಕ್ ಸರಿಯಾದವು.

ಲಿಂಟ್ ಮತ್ತೆ ಓಡಿಸಿದೆ. ಇನ್ನೂ 22 ಉಳಿದಿದ್ದವು.

ಕಣ್ಣಿಗೆ ಬೀಳದ ಇನ್ನೊಂದು ಅಕ್ಷರ

22ರಲ್ಲಿ 8 ಸುಲಭ, ಫೋಟೋಗಳನ್ನು ಸರ್ ಬೇರೆ ಫೋಲ್ಡರಿಗೆ ಸರಿಸಿದ್ದರು. 13 ಮಾತ್ರ ನನ್ನ ತಲೆ ತಿಂದವು. ಎಲ್ಲವೂ ಹಫ್ತ್ ಗುಂಬಜ್ ಫೋಟೋಗಳು, ಬಹಮನಿ ಸುಲ್ತಾನರ ಗೋರಿಗಳವು. ಲಿಂಕಿನಲ್ಲಿ "ಗುಂಬಜ್-03" ಎಂದಿದೆ. ಫೋಲ್ಡರಿನಲ್ಲೂ "ಗುಂಬಜ್-03" ಎಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದರೂ ಒಂದೇ.

ಕೊನೆಗೆ ಎರಡೂ ಹೆಸರಿನ ಬೈಟ್ ಎಣಿಸಿದೆ. ಒಂದರಲ್ಲಿ ಮೂರು ಜಾಸ್ತಿ. ಫೈಲಿನ ಹೆಸರಿನಲ್ಲಿ ಜ್ ಆದ ಮೇಲೆ ಶೂನ್ಯ ಅಗಲದ ಅಕ್ಷರವೊಂದು ಕೂತಿತ್ತು. "ಸಾಫ್ಟ್‌ವೇರ್" ಎಂದು ಬರೆಯುವಾಗ ಟ್ ಮತ್ತು ವೇ ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಹಾಕುತ್ತೇವಲ್ಲ, ಅದೇ. ಅರ್ಧಾಕ್ಷರ ಬೇಕೆಂದು ಅಭ್ಯಾಸದಿಂದ ಆ ಕೀ ಒತ್ತಿ ಹೆಸರಿಟ್ಟಿದ್ದಾರೆ. ಜ್ ಆದ ಮೇಲೆ ಅಡ್ಡಗೆರೆ ಬರುವುದರಿಂದ ಅದು ಇದ್ದರೂ ಇಲ್ಲದಿದ್ದರೂ ನೋಟಕ್ಕೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಎರಡು ಬೇರೆ ಹೆಸರು. ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ನನ್ನ ಕಳಕಳಿಯ ಮಾತು: ಲಿಂಕ್ ಮಾಡುವಾಗ ಹೆಸರನ್ನು ಕೈಯಿಂದ ಬರೆಯಬೇಡಿ. ಫೋಲ್ಡರಿನಿಂದ ನಕಲು ಮಾಡಿ, ಇಲ್ಲವೇ ಎಡಿಟರ್‌ನಲ್ಲೇ ಫೈಲ್ ಆರಿಸಿ. ಇದು ಗೊತ್ತಿದ್ದಿದ್ದರೆ ನನಗೆ ಒಂದೂವರೆ ಗಂಟೆ ಉಳಿಯುತ್ತಿತ್ತು.

ಬ್ಯಾಕ್‌ಸ್ಪೇಸ್ ಕಥೆ

ಮೂರನೇ ಸಂಜೆ ಪೆನ್‌ಡ್ರೈವ್ ಪ್ರತಿಯನ್ನೂ ಈಗಿನ ಫೈಲನ್ನೂ ಸಾಲು ಸಾಲಾಗಿ ಹೋಲಿಸಿದೆವು. ಅಲ್ಲಿ ಲಿಂಟ್ ಹಿಡಿಯದ ಒಂದು ಹಾನಿ ಕಂಡಿತು. 11 ಕಡೆ ಹಳೆಯ ಪ್ರತಿಯಲ್ಲಿ ಲಿಂಕ್ ಇದೆ, ಹೊಸದರಲ್ಲಿ ಬರೀ ಹೆಸರಿದೆ. ಲಿಂಕೇ ಇಲ್ಲದ ಮೇಲೆ ಮುರಿದ ಲಿಂಕ್ ಎಂದು ಯಾರು ಹೇಳುತ್ತಾರೆ, ಅಲ್ವಾ?

"ಸರ್, ಇವು ಹ್ಯಾಂಗ ಹೋದ್ವು?"

ಸರ್ ಸಂಕೋಚದಿಂದ ಹೇಳಿದರು. ಕೆಲವು ಸಲ ಬರೆಯುತ್ತಿರುವಾಗ ತೆರೆಯ ಮೇಲೆ ಇದ್ದಕ್ಕಿದ್ದಂತೆ ಕಸ ಬಂದು ಬೀಳುತ್ತಿತ್ತಂತೆ. ಕಂಸ, ಓರೆಗೆರೆ, ಹೆಸರು, ಸಂಖ್ಯೆ. ವೈರಸ್ ಇರಬೇಕೆಂದು ಹೆದರಿ ಅಳಿಸಿಬಿಡುತ್ತಿದ್ದರು.

"ಅಳಿಸೋಕ್ಕಿಂತ ಮೊದಲ ಏನ್ ಮಾಡ್ತಿದ್ರಿ, ಒಮ್ಮೆ ಮಾಡಿ ತೋರಿಸ್ರಿ."

ಅವರು ಒಂದು ಲಿಂಕಿನ ಕೊನೆಗೆ ಹೋಗಿ ಕರ್ಸರ್ ನಿಲ್ಲಿಸಿದರು. "ಒಳಗಿನ ಕಮಾನು" ಎಂಬುದನ್ನು "ಒಳಗಿನ ಕಮಾನುಗಳು" ಮಾಡಬೇಕಿತ್ತು. ಕೊನೆಯ ಅಕ್ಷರ ತಿದ್ದಲು ಬ್ಯಾಕ್‌ಸ್ಪೇಸ್ ಒತ್ತಿದರು. ನು ಹೋಗಲಿಲ್ಲ. ಅದರ ಬದಲು ಇಡೀ ಲಿಂಕ್ ಒಡೆದು ಹರಡಿಕೊಂಡಿತು.

ಆಗಿದ್ದು ಇಷ್ಟು. ಕಾಣುವ ಹೆಸರಿನ ಆಚೆ ಕಾಣದ ಎರಡು ಕಂಸಗಳಿವೆ. ಬ್ಯಾಕ್‌ಸ್ಪೇಸ್ ಅಳಿಸಿದ್ದು ಕೊನೆಯ ಕಂಸವನ್ನು. ಕಂಸ ಹೋದ ಕೂಡಲೇ ಆರ್ಗ್ ಲೆಕ್ಕದಲ್ಲಿ ಅದು ಲಿಂಕಾಗಿ ಉಳಿಯಲಿಲ್ಲ, ಹಾಗಾಗಿ ಒಳಗಿನದನ್ನೆಲ್ಲ ತೋರಿಸಿತು. ಲಿಂಕಿನ ಮೊದಲ ತುದಿಯಲ್ಲಿ ನಿಂತು ಬ್ಯಾಕ್‌ಸ್ಪೇಸ್ ಒತ್ತಿದರೂ ಹೀಗೇ ಆಗುತ್ತದೆ. ಸರ್ ಕೈಗೆ ಚೌಕ ಕಂಸದ ಕೀ ತೋರಿಸಿ, ಅದೇ ಜಾಗದಲ್ಲಿ ಒಮ್ಮೆ ಒತ್ತಲು ಹೇಳಿದೆ. ಒತ್ತಿದರು. ಕಸವೆಲ್ಲ ಮಾಯ, ಹೆಸರು ಮಾತ್ರ ಉಳಿಯಿತು. ಮತ್ತೆ ಬ್ಯಾಕ್‌ಸ್ಪೇಸ್ ಒತ್ತಿ ಒಡೆದರು, ಮತ್ತೆ ಕಂಸ ಹಾಕಿ ಕೂಡಿಸಿದರು. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಅವರ ಮುಖದ ಮೇಲಿನ ಹೆದರಿಕೆ ಹೋಯಿತು. ನನಗೆ ಆ ಮೂರು ಸಂಜೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಈ ಐದು ನಿಮಿಷ.

ಹೆಸರು ತಿದ್ದುವ ಸರಿಯಾದ ದಾರಿಯನ್ನೂ ಕಲಿಸಿದೆ. ಲಿಂಕ್ ಮೇಲೆ ನಿಂತು ಕಂಟ್ರೋಲ್-ಸಿ ಕಂಟ್ರೋಲ್-ಎಲ್ ಒತ್ತಿದರೆ ಮೊದಲು ವಿಳಾಸ ಕೇಳುತ್ತದೆ, ಆಮೇಲೆ ಹೆಸರು ಕೇಳುತ್ತದೆ. ವಿಳಾಸಕ್ಕೆ ಸುಮ್ನೆ ಎಂಟರ್, ಹೆಸರನ್ನು ಬೇಕಾದಂತೆ ತಿದ್ದಿ ಎಂಟರ್. ಕಂಸದ ಗೊಡವೆಯೇ ಇಲ್ಲ. 11 ಲಿಂಕ್‌ಗಳನ್ನು ಹಳೆಯ ಪ್ರತಿಯಿಂದ ಸರ್ ತಾವೇ ಹೀಗೆ ಮತ್ತೆ ಹಾಕಿದರು.

ಕಾಣುವ ಪಠ್ಯದಲ್ಲೂ ಒಂದು ತಪ್ಪು

ಹೋಲಿಸುವಾಗ ಇನ್ನೊಂದು ಸಿಕ್ಕಿತು, ಲಿಂಕಿಗೆ ಸಂಬಂಧವಿಲ್ಲದ್ದು. ಬದಲಾವಣೆಯ ಗಾಳಿಯಲ್ಲಿ "ಗುಲಬರ್ಗಾ ವಿಶ್ವವಿದ್ಯಾಲಯ" ಕೂಡ "ಕಲಬುರಗಿ ವಿಶ್ವವಿದ್ಯಾಲಯ" ಆಗಿತ್ತು. 1980ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಈಗಲೂ ಗುಲಬರ್ಗಾ ಎಂಬ ಹೆಸರನ್ನೇ ಇಟ್ಟುಕೊಂಡಿದೆ. ಅದೇ ಊರಿನವರಾದ ನಾವಿಬ್ಬರೂ ಮೊದಲ ಓದಿನಲ್ಲಿ ಅದನ್ನು ಗಮನಿಸಿರಲಿಲ್ಲ. ಹಳೆಯ ಗ್ಯಾಸೆಟಿಯರ್ ಹೆಸರು, ಹಳೆಯ ಪತ್ರಗಳಿಂದ ತೆಗೆದ ಸಾಲುಗಳೂ ಹೀಗೇ ಬದಲಾಗಿದ್ದವು. ಅವನ್ನು ಕೈಯಿಂದಲೇ ಸರಿ ಮಾಡಿದೆವು. ಬಹಮನಿಗಳು ಊರಿಗೆ ಅಹ್ಸನಾಬಾದ್ ಎಂದು ಹೆಸರಿಟ್ಟಿದ್ದ ಭಾಗ ಹೇಗೋ ಸುರಕ್ಷಿತವಾಗಿತ್ತು.

ಈಗಿನ ವ್ಯವಸ್ಥೆ

ಫೋಲ್ಡರ್ ದಾರಿ 322 ಕಡೆ ಬರೆದಿದ್ದರಿಂದಲೇ ಇಷ್ಟು ಹಾನಿ ಆದದ್ದು. ಆರ್ಗ್‌ನಲ್ಲಿ ಫೈಲಿನ ಮೇಲ್ಭಾಗದಲ್ಲಿ ಒಂದು ಸಾಲು ಬರೆದು ಉದ್ದದ ವಿಳಾಸಕ್ಕೆ ಅಡ್ಡಹೆಸರು ಕೊಡಬಹುದು. ಐದು ಹಳೆಯ ಫೋಲ್ಡರಿಗೂ ಚಿಕ್ಕ ಅಡ್ಡಹೆಸರು ಕೊಟ್ಟೆವು, ಬೇಕೆಂದೇ ಇಂಗ್ಲಿಷ್ ಅಕ್ಷರದಲ್ಲಿ. ಕೋಟೆಯ ಫೋಲ್ಡರಿನ ನಿಜವಾದ ದಾರಿ ಈಗ ಒಂದೇ ಸಾಲಿನಲ್ಲಿದೆ, ಲಿಂಕ್‌ಗಳಲ್ಲಿ ಅಡ್ಡಹೆಸರು ಮತ್ತು ಫೋಟೋ ಸಂಖ್ಯೆ ಮಾತ್ರ. ನಾಳೆ ಫೋಲ್ಡರ್ ಬೇರೆ ಡಿಸ್ಕಿಗೆ ಹೋದರೂ ಒಂದು ಸಾಲು ತಿದ್ದಿದರೆ ಮುಗಿಯಿತು.

ಇಡೀ ಫೈಲಿನಲ್ಲಿ ಏನನ್ನಾದರೂ ಬದಲಿಸುವ ಮೊದಲು ಎಫ್6 ಒತ್ತಿ ಎಲ್ಲ ತೆರೆಯುವುದು, ಪ್ರತಿ ತೆಗೆಯುವುದು, ಆಮೇಲೆ ಲಿಂಟ್ ಓಡಿಸುವುದು, ಇಷ್ಟನ್ನು ಸರ್ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾರೆ. ಮೊಮ್ಮಗನನ್ನು ಕೂರಿಸಿಕೊಂಡು ಅವನಿಗೂ ಬ್ಯಾಕ್‌ಸ್ಪೇಸ್ ಆಟ ತೋರಿಸಿದರಂತೆ.

ಕೊನೆಯ ಸಲ ಲಿಂಟ್ ಓಡಿಸಿದಾಗ ಒಂದೇ ಒಂದು ಲಿಂಕ್ ಉಳಿಯಿತು. ಕೋಟೆಯ ಜಾಮಿಯಾ ಮಸೀದಿಯ ಫೋಟೋ. 1367ರ ಆ ಮಸೀದಿಯಲ್ಲಿ ಬೇರೆ ಮಸೀದಿಗಳಂತೆ ತೆರೆದ ಅಂಗಳ ಇಲ್ಲ, ಪೂರ್ತಿ ಛಾವಣಿ ಇದೆ. ಅದು ಒಂದೇ ನೋಟಕ್ಕೆ ಗೊತ್ತಾಗುವಂತೆ ಸರ್ 2013ರಲ್ಲಿ ತೆಗೆದಿದ್ದ ಫೋಟೋ ಅದು. ಡಿಸ್ಕಿನಲ್ಲಿ ಇಲ್ಲ, ಪೆನ್‌ಡ್ರೈವ್‌ನಲ್ಲಿಲ್ಲ, ಎಲ್ಲೂ ಇಲ್ಲ. ಲಿಂಕ್ ತೆಗೆದುಬಿಡಲೇ ಎಂದು ಕೇಳಿದೆ.

"ಬ್ಯಾಡ, ಇರ್ಲಿ ಬಿಡು. ಐತವಾರ ಕೋಟೀಗೆ ಹೋಗಿ ಇನ್ನೊಮ್ಮೆ ತಕ್ಕೊಂಡು ಬರ್ತೀನಿ. ಅದೇ ನಂಬರ್ ಕೊಡೋಣು."

ಆ ಸಾಲಿನ ತಲೆಗೆ ಆರ್ಗ್‌ನ "ಮಾಡಬೇಕು" ಗುರುತು ಹಾಕಿ, ಫೈಲ್ ಉಳಿಸಿ ಎದ್ದೆ.